ಫೈಲಿನಲ್ಲಿ ಬರೆದ ಮೂರು ವಾರ

"ಹೊಟ್ಟೆ ಉಬ್ಬರ, ಮೂರು ವಾರದಿಂದ" ಎಂದು ಆ ಫೈಲಿನಲ್ಲಿ ಬರೆದವಳು ನಾನೇ. ಅಕ್ಷರ ನನ್ನದು, ಸಹಿಯೂ ನನ್ನದು. ಹತ್ತು ವಾರಗಳ ಚಿಕಿತ್ಸೆ ಆ ಒಂದು ಸಾಲಿನ ಮೇಲೆ ನಿಂತಿತ್ತು. ಆ ಸಾಲು ಸುಳ್ಳಾಗಿತ್ತು.

ಕುಂದಾಪುರದ ಆಸ್ಪತ್ರೆಯೊಂದರ ಕಿಮೋಥೆರಪಿ ವಾರ್ಡಿನಲ್ಲಿ ನಾನಾಗ ಕಿರಿಯ ವೈದ್ಯೆ. ಎಂಟು ಹಾಸಿಗೆ, ಇಬ್ಬರು ನರ್ಸ್, ವಾರಕ್ಕೆ ಎರಡು ದಿನ ಬಂದು ಹೋಗುವ ಕ್ಯಾನ್ಸರ್ ತಜ್ಞರು. ಬೆಳಿಗ್ಗೆ ಬಂದವರು ಮದ್ದು ಹತ್ತಿಸಿಕೊಂಡು ಸಂಜೆ ಬಸ್ಸು ಹಿಡಿಯುತ್ತಾರೆ. ಫೈಲು ಅವರ ಜತೆಗೇ ಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮನೆಯ ಕಪಾಟಿನಲ್ಲಿ ಇಟ್ಟು, ಮುಂದಿನ ಸಲ ಮತ್ತೆ ತರುತ್ತಾರೆ. ನಾವು ಬರೆದದ್ದನ್ನು ಮನೆಯಲ್ಲಿ ಯಾರು ಓದುತ್ತಾರೆ ಎಂದು ನಾನು ಅಲ್ಲಿಯ ತನಕ ಯೋಚಿಸಿದವಳೇ ಅಲ್ಲ.

ಅಕ್ಕ ಮರವಂತೆಯವರು. ಐವತ್ತು ದಾಟಿದ ಮೀನು ಮಾರುವ ಹೆಂಗಸು. ವಾರ್ಡಿನಲ್ಲಿ ಎಲ್ಲರಿಗೂ ಅಕ್ಕ, ಆದ್ದರಿಂದ ನನಗೂ ಅಕ್ಕ. ಹಿಂದಿನ ವರ್ಷ ಅವರ ಅಂಡಾಶಯದ ಕ್ಯಾನ್ಸರಿಗೆ ದೊಡ್ಡ ಆಪರೇಷನ್ ಆಗಿ, ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಎರಡು ಮದ್ದುಗಳ ಆರು ಸುತ್ತು ಮುಗಿದಿತ್ತು. ಮೂರನೇ ತಿಂಗಳ ತಪಾಸಣೆಯಲ್ಲಿ ಎಲ್ಲ ಸರಿಯಿತ್ತು. ಆರನೇ ತಿಂಗಳಿಗೆ ಬರಬೇಕಾದವರು ಬರಲಿಲ್ಲ. ಎಂಟನೇ ತಿಂಗಳು ಹತ್ತಿರವಾದಾಗ ಬಂದರು. ಜತೆಗೆ ಮಗಳು, ಮಗಳ ತೋಳಿನಲ್ಲಿ ಎರಡು ತಿಂಗಳ ಮಗು.

"ಬಪ್ಪುಕೆ ಹೇಳಿದ್ ಯಾವಾಗ, ಬಂದದ್ ಯಾವಾಗ ಅಕ್ಕ?" ಎಂದೆ.

"ಬಾಳಂತಿ ಬಿಟ್ಟಿಕಿ ಬಪ್ಪುಕಾತ್ತಾ ಹೆಣೆ? ನಿಂಗೂ ಒಂದ್ ಮಗು ಆಯ್ಲಿ, ಆಗ ಗೊತ್ತಾತ್ತ್."

ನನ್ನನ್ನು ಮೊದಲು "ಡಾಕ್ಟ್ರೇ" ಎಂದು ಕರೆದು, ಎರಡನೇ ಮಾತಿಗೇ "ಹೆಣೆ" ಎಂದು ಮನೆಯ ಹುಡುಗಿಯ ಮಟ್ಟಕ್ಕೆ ಇಳಿಸುವುದು ಅವರ ಕ್ರಮ. ಮಗಳನ್ನು ಶಿರೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ತಾಯಿಯೇ ಮಾಡಬೇಕು. ಅದರ ಬಗ್ಗೆ ನಾನು ವಾದ ಹೂಡಲಿಲ್ಲ.

"ಹೊಟ್ಟಿ ಉಬ್ಬುಕೆ ಶುರು ಆದ್ ಯಾವಾಗ?"

ಅಕ್ಕ ಮಗಳ ಕಡೆ ನೋಡಿದರು. ಮಗಳು ಮಗುವಿನ ಬಟ್ಟೆ ಬದಲಾಯಿಸುತ್ತಿದ್ದಳು.

"ಮೂರ್ ವಾರ ಆಯ್ತ್ ಕಾಣಿ."

"ಹೌದ್ ಡಾಕ್ಟ್ರೇ, ನಂಗೂ ಆಗ್ಲೇ ಕಂಡದ್," ಎಂದಳು ಮಗಳು.

ಇಬ್ಬರು ಸಾಕ್ಷಿಗಳು, ಒಂದೇ ಹೇಳಿಕೆ. ಬರೆದೆ. ನಾನು ಸುಲಭಕ್ಕೆ ನಂಬುವವಳಲ್ಲ. ಅವರ ಮೊಣಕೈ ಮೇಲಿದ್ದ ತಾಯತವನ್ನು ಪ್ರಶ್ನಿಸಿದೆ. ಯಾರೋ ಕೊಟ್ಟ ಕಷಾಯ ಕುಡಿದಿರಾ ಎಂದು ಮೂರು ರೀತಿಯಲ್ಲಿ ಕೇಳಿ, "ಎರಡ್ ಸಲ" ಎಂದು ಒಪ್ಪಿಸಿ, ಹತ್ತು ನಿಮಿಷ ಬುದ್ಧಿ ಹೇಳಿದೆ. ಸಂಶಯ ಪಡಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಸಂಶಯಿಸಿದೆ.

ಆ ಮೂರು ವಾರಕ್ಕೆ ಅಷ್ಟು ಬೆಲೆ ಏಕೆ ಎಂದು ಹೇಳಬೇಕು. ಈ ಕಾಯಿಲೆಗೆ ಇರುವ ಮದ್ದುಗಳಲ್ಲಿ ಪ್ಲಾಟಿನಂ ಜಾತಿಯದ್ದು, ಅಂದರೆ ಕಾರ್ಬೊಪ್ಲಾಟಿನ್, ಎಲ್ಲಕ್ಕಿಂತ ಬಲವಾದದ್ದು. ಕಾಯಿಲೆ ಮರಳಿದಾಗ ನಾವು ಮೊದಲು ಎಣಿಸುವುದು ಕೊನೆಯ ಪ್ಲಾಟಿನಂ ಕೊಟ್ಟು ಎಷ್ಟು ತಿಂಗಳಾಯಿತು ಎಂದು. ಆರು ತಿಂಗಳು ದಾಟಿದ್ದರೆ ಗಡ್ಡೆ ಇನ್ನೂ ಅದಕ್ಕೆ ಬಗ್ಗುತ್ತದೆ ಎಂದಿಟ್ಟುಕೊಂಡು ಮತ್ತೆ ಅದನ್ನೇ ಕೊಡುತ್ತೇವೆ. ಆರು ತಿಂಗಳ ಒಳಗೇ ಮರಳಿದ್ದರೆ ಗಡ್ಡೆಯ ಕೋಶಗಳು ಆ ಮದ್ದನ್ನು ಎದುರಿಸಲು ಕಲಿತಿವೆ ಎಂದರ್ಥ. ಬೇರೆ ದಾರಿ ಹಿಡಿಯಬೇಕು. ಆರು ತಿಂಗಳು ಎಂಬುದು ಮನುಷ್ಯರು ಎಳೆದ ಗೆರೆ, ಗಡ್ಡೆ ಕ್ಯಾಲೆಂಡರ್ ನೋಡುವುದಿಲ್ಲ. ಆದರೂ ತೀರ್ಮಾನಕ್ಕೆ ಒಂದು ಗೆರೆ ಬೇಕು. ನನ್ನ ಲೆಕ್ಕದಲ್ಲಿ ಅಕ್ಕನದು ಏಳು ತಿಂಗಳು.

ತಜ್ಞರು ಬಂದು ಹೊಟ್ಟೆ ಮುಟ್ಟಿ ನೋಡಿದರು. ಕೈಯನ್ನು ಎತ್ತಿ ತೋಳಿನ ಚರ್ಮ ಎಳೆದು ನೋಡಿದರು. ಹೊರಗೆ ಬಂದು, "ಇದು ಮೂರು ವಾರದ ಹೊಟ್ಟೆ ಅಲ್ಲ," ಎಂದರು.

"ಆಧಾರ ಎಂತ ಸರ್?"

"ತೋಳು ನೋಡಿದೆಯಾ? ಕಡ್ಡಿ. ಇಷ್ಟು ಮಾಂಸ ಇಳಿಯಲಿಕ್ಕೆ ಮೂರು ವಾರ ಎಲ್ಲಿ ಸಾಕಾಗುತ್ತದೆ?"

"ಬಾಣಂತನ ಮಾಡಿದ್ದಾರೆ ಸರ್. ನಿದ್ದೆ ಇಲ್ಲ, ಊಟ ಸರಿ ಇಲ್ಲ. ಕಿಮೋ ಆದ ಮೇಲೆ ತೂಕ ಎಷ್ಟು ಕೂಡಿತ್ತು ಅಂತಲೇ ನಮಗೆ ಗೊತ್ತಿಲ್ಲ. ಮಗಳೂ ಮೂರೇ ವಾರ ಅಂತಾಳೆ. ಮೂರನೇ ತಿಂಗಳ ರಿಪೋರ್ಟ್ ಸರಿ ಇದೆ. ಬರೀ ಅಂದಾಜಿನ ಮೇಲೆ ಅವರಿಂದ ಒಳ್ಳೆಯ ಮದ್ದನ್ನು ಕಿತ್ತುಕೊಳ್ಳುವುದು ಸರಿಯಾ?"

ಅವರು ನಕ್ಕರು. "ನಿನ್ನತ್ರ ವಾದ ಮಾಡ್ಲಿಕ್ಕೆ ನಾನು ಮನೆಯಿಂದ ತಯಾರಾಗಿ ಬರಬೇಕು ಮಾರಾಯ್ತಿ." ಸ್ಕ್ಯಾನ್ ನೋಡಿದರು. ಗಡ್ಡೆ ಎಲ್ಲೆಲ್ಲಿದೆ ಎಂದು ಸ್ಕ್ಯಾನ್ ಹೇಳುತ್ತದೆ, ಎಂದಿನಿಂದ ಇದೆ ಎಂದು ಹೇಳುವುದಿಲ್ಲ. ಕೊನೆಗೆ ಕಾರ್ಬೊಪ್ಲಾಟಿನ್ ಎಂದು ಬರೆದರು, ಜತೆಗೆ ಜೆಮ್‌ಸಿಟಬಿನ್ ಎಂಬ ಇನ್ನೊಂದು ಮದ್ದು. ಸಹಿ ಅವರದು, ಒತ್ತಾಯ ನನ್ನದು. ಶಾಲೆಯಿಂದ ಮೆಡಿಕಲ್ ಕಾಲೇಜಿನ ತನಕ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಅಲ್ಲಿ ಎದುರಾಳಿಯ ಮಾತಿನಲ್ಲಿ ತೂತು ಹುಡುಕುವುದನ್ನು ಕಲಿಸುತ್ತಾರೆ. ನಮ್ಮ ಕೈಗೆ ಬಂದ ಮಾಹಿತಿ ಎಲ್ಲಿಂದ ಬಂತು, ಯಾರ ಎದುರಿಗೆ ಯಾರು ಹೇಳಿದ್ದು ಎಂದು ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ಮೊದಲ ಸುತ್ತಿನ ದಿನ ಹೊಟ್ಟೆಯ ನೀರು ತೆಗೆದೆವು. ಎಡ ಪಕ್ಕೆಯ ಕೆಳಗೆ ಮರಗಟ್ಟಿಸಿ ಸೂಜಿ ಇಳಿಸಿದರೆ ಹುಲ್ಲಿನ ಬಣ್ಣದ ನೀರು ಕ್ಯಾನಿಗೆ ಇಳಿಯಿತು, ನಾಲ್ಕು ಲೀಟರ್. ಆಮೇಲೆ ಮತ್ತೆ ತೂಕ ನೋಡಿದೆ. ಇದು ಮುಖ್ಯ. ಕಾರ್ಬೊಪ್ಲಾಟಿನ್ ಪ್ರಮಾಣವನ್ನು ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬುದರ ಮೇಲೆ ಕಟ್ಟುತ್ತಾರೆ, ಆ ಲೆಕ್ಕದೊಳಗೆ ತೂಕ ಬರುತ್ತದೆ. ನೀರಿನ ಭಾರವನ್ನು ಮೈಯ ಭಾರವೆಂದು ಎಣಿಸಿದರೆ ಮದ್ದು ಹೆಚ್ಚಾಗುತ್ತದೆ. ಎರಡೆರಡು ಸಲ ಲೆಕ್ಕ ಮಾಡಿದೆ, ನರ್ಸ್ ಕೈಯಲ್ಲಿ ಇನ್ನೊಮ್ಮೆ ಮಾಡಿಸಿದೆ. ಮಿಲಿಗ್ರಾಮಿನಲ್ಲಿ ನಾನು ತಪ್ಪಿದವಳಲ್ಲ.

ನರ ಸಿಗಲಿಲ್ಲ. ಹಿಂದಿನ ವರ್ಷದ ಮದ್ದಿಗೆ ಕೈ ನರಗಳೆಲ್ಲ ಗಟ್ಟಿಯಾಗಿದ್ದವು. ನರ್ಸ್ ಮೂರನೇ ಸಲ ಚುಚ್ಚಿದಾಗ ಅಕ್ಕ, "ಎಂತ ಮಾರಾಯ್ತಿ, ಬಲೆ ಬೀಸಿ ಬೀಸಿ ಬರಿ ಕೈಯಗ್ ಬಪ್ಪುದಾ? ಆಚಿ ಬದಿಗ್ ಬೀಸ್," ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು.

ಒಂದನೇ ಸುತ್ತಿನ ನಂತರ ರಕ್ತದಲ್ಲಿ ಗಡ್ಡೆಯ ಗುರುತು ಹೇಳುವ ಸಿಎ-125 ಸ್ವಲ್ಪ ಇಳಿಯಿತು. ನಾನು ಆ ಕಾಗದವನ್ನು ತಜ್ಞರ ಮುಂದೆ ಹಿಡಿದೆ. ಅವರು ತಲೆಯಾಡಿಸಿದರು. ಎರಡನೇ ಸುತ್ತಿಗೆ ಪ್ಲೇಟ್‌ಲೆಟ್ ಬಿದ್ದು ಒಂದು ವಾರ ಮುಂದೆ ಹೋಯಿತು. ಆ ಸುತ್ತು ಮುಗಿದಾಗ ಸಿಎ-125 ಮೊದಲಿಗಿಂತ ಮೇಲೆ. ಒಮ್ಮೊಮ್ಮೆ ಹೀಗಾಗುತ್ತದೆ ಎಂದೆ. ಮೂರನೇ ಸುತ್ತಿನ ಹೊತ್ತಿಗೆ ತಿಂಗಳಿಗೊಮ್ಮೆ ತೆಗೆಯುತ್ತಿದ್ದ ನೀರನ್ನು ಹತ್ತು ದಿನಕ್ಕೆ ತೆಗೆಯಬೇಕಾಯಿತು. ಸ್ಕ್ಯಾನ್ ಮಾಡಿಸಿದರೆ ಯಕೃತ್ತಿನ ಮೇಲ್ಮೈಯಲ್ಲಿ ಹೊಸ ಗಂಟುಗಳು. ಮದ್ದು ಕೊಡುತ್ತಿರುವಾಗಲೇ ಗಡ್ಡೆ ಬೆಳೆದಿತ್ತು.

ಸ್ಕ್ಯಾನಿನ ಮರುದಿನ ನೀರು ತೆಗೆಯಲು ಅಕ್ಕನ ಜತೆ ಬಂದವರು ಮೀನು ಮಾರುವಲ್ಲಿ ಪಕ್ಕದಲ್ಲಿ ಕೂರುವ ಹೆಂಗಸು. ಮಗಳು ಶಿರೂರಿಗೆ ಹೋಗಿದ್ದಳು. ನೀರು ಇಳಿಯುತ್ತಿದ್ದಾಗ ಆಕೆ ಕ್ಯಾನ್ ನೋಡುತ್ತಾ ತನ್ನಷ್ಟಕ್ಕೆ ಎಂಬಂತೆ ಹೇಳಿದರು: "ಆಗ್ಲೇ ಬಂದಿರೆ ಇಷ್ಟ್ ಆತಿದ್ದಿಲ್ಲೆ. ಮಗಳ್ ಹೆರುಕ್ ಮುಂಚೆಯೇ ಹೊಟ್ಟಿ ಹೀಂಗ್ ಗಟ್ಟಿ ಇದ್ದಿತ್. ಬುಟ್ಟಿ ಎತ್ತುಕೆ ನಾನ್ ಕೈ ಕೊಡ್ಕಿದ್ದಿತ್."

"ನಿನ್ ಬಾಯಿ ಮುಚ್ಚ್," ಎಂದರು ಅಕ್ಕ.

ನನ್ನ ಕೈ ಸೂಜಿಯ ಮೇಲಿತ್ತು. ನೀರು ಮುಗಿದು, ಪಟ್ಟಿ ಅಂಟಿಸಿ, ಆ ಹೆಂಗಸನ್ನು ಚಾ ಕುಡಿದು ಬನ್ನಿ ಎಂದು ಕಳಿಸಿ, ಪರದೆ ಎಳೆದು ಕುಳಿತೆ.

"ಯಾವಾಗ ಶುರು ಆದ್ ಅಕ್ಕ? ಈಗ ಹೇಳಿ."

"ನಿಂಗ್ ಸಿಟ್ಟ್ ಬಂತಾ?"

"ಸಿಟ್ಟಲ್ಲ. ಹೇಳಿ."

ಮಗಳಿಗೆ ಎಂಟು ತಿಂಗಳು ತುಂಬಿದಾಗ, ಎಂದರು. ಕೊನೆಯ ಮದ್ದಾಗಿ ಐದು ತಿಂಗಳೂ ಆಗಿರಲಿಲ್ಲ. ಸೀರೆಯ ನಿರಿಗೆ ನಿಲ್ಲುತ್ತಿರಲಿಲ್ಲವಂತೆ. ಒಂದೇ ಮನೆಯಲ್ಲಿ ತಾಯಿ ಮಗಳು ಇಬ್ಬರ ಹೊಟ್ಟೆಯೂ ಬೆಳೆಯುತ್ತಿತ್ತು. ಹೆರಿಗೆಯಾಯಿತು. ದಿನಾ ಹಂಡೆಯ ಬಿಸಿನೀರು ತೋಡಿ ಬಾಣಂತಿಗೆ ಹೊಯ್ದರು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದರು. ನಲವತ್ತು ದಿನ ಮುಗಿಯಲಿ ಎಂದು ಕಾದರು.

"ಅವತ್ತ್ ನಾನ್ ಕೇಳ್ದಾಗ ಎಂತಕ್ ಹೇಳ್ಲಿಲ್ಲೆ?"

"ಮಗಳ್ ಎದ್ರಗ್ ಕೂಕಂಡಿಪ್ಪತ್ತಿಗ್ ನೀನ್ ಕೇಳ್ದೆ. ಹ್ಯಾಂಗ್ ಹೇಳುದ್? ತನ್ನ ಬಾಳಂತನ ಮಾಡುಕ್ ಹೋಯಿ ಅಮ್ಮ ಹೀಂಗಾಯ್ತ್ ಅಂದೇಳಿ ಅವ್ಳ್ ಆಯುಷ್ಯ ಇಡೀ ಕಣ್ಣೀರ್ ಹಾಕಿ ಮರ್ಕ್ತಾ ಕೂಕಾ?" ಹೊಟ್ಟೆಯ ಪಟ್ಟಿಯ ಮೇಲೆ ಸೆರಗು ಎಳೆದುಕೊಂಡು ಹೇಳಿದರು: "ಅದೊಂದೇ ಅಲ್ಲ. ಮಗು ಹುಟ್ಟದ್ದೇ ಅಜ್ಜಿಗ್ ಕಾಯ್ಲಿ ತಿರ್ಗಿ ಬಂತ್ ಅಂತ್ರ್. ಮಗಿನ್ ಕಾಲ್ಗುಣ ಅಂತ್ರ್."

"ನೀವ್ ಅದನ್ನೆಲ್ಲ ನಂಬುದಾ ಅಕ್ಕ?"

"ನಾನೆಂತಕ್ ನಂಬ್ಲಿ? ಹೇಳುವರ್ ಬಾಯಿಗ್ ಬೀಗ ಹಾಕುಕಾತ್ತಾ? ಹೆಣ್ ಮಗು ಹೆಣೆ ಅದ್. ಒಂದ್ ಸಲ ಹೆಸ್ರ್ ಅಂಟಿರೆ ಹೋತಿಲ್ಲೆ." ನನ್ನ ಮಣಿಕಟ್ಟು ಹಿಡಿದುಕೊಂಡರು. "ಫೈಲಿಗ್ ಬರಿಬೇಡ. ಅವ್ಳ್ ಎಲ್ಲ ಓದ್ತಾಳ್."

ನಿಜ. ಮಗಳು ಬಿ.ಕಾಂ. ಓದಿದವಳು. ಪ್ರತಿ ಸಾಲನ್ನೂ ಫೋನಿನಲ್ಲಿ ಹುಡುಕಿ ಅರ್ಥ ಮಾಡಿಕೊಂಡು, ಬಂದಾಗೆಲ್ಲ ಪ್ರಶ್ನೆಗಳ ಪಟ್ಟಿ ತರುತ್ತಿದ್ದಳು. ನಾನು "ಆಯ್ತ್" ಎನ್ನಲಿಲ್ಲ, "ಇಲ್ಲ" ಎನ್ನಲೂ ಆಗಲಿಲ್ಲ.

ತಜ್ಞರಿಗೆ ಹೇಳಿದೆ. "ನೀವು ಹೇಳಿದ್ದೇ ಸರಿ ಸರ್. ಐದು ತಿಂಗಳ ಒಳಗೇ ಬಂದದ್ದು. ಫೈಲಿನಲ್ಲಿ ತಿದ್ದಿ ಸಹಿ ಹಾಕುತ್ತೇನೆ."

"ತಿದ್ದಿದರೆ ಈಗ ಚಿಕಿತ್ಸೆಯಲ್ಲಿ ಎಂತ ಬದಲಾಗುತ್ತದೆ? ಪ್ಲಾಟಿನಂ ಕೊಡುವಾಗಲೇ ಬೆಳೆದಿದೆ. ಇನ್ನು ತಾರೀಕು ಬೇಕಾಗಿಲ್ಲ, ಅದೇ ಸಾಕ್ಷಿ."

"ಆದರೂ ಸುಳ್ಳು ಬರೆದು ಬಿಡಲಿಕ್ಕಾಗುತ್ತದಾ? ಹತ್ತು ವಾರ ಹಾಳಾದದ್ದು ನನ್ನಿಂದ. ಅದು ದಾಖಲೆಯಲ್ಲಿ ಇರಬೇಕು."

"ದಾಖಲೆಯಲ್ಲಿ ಇರಬೇಕು, ಹೌದು. ಯಾರ ಕಪಾಟಿನಲ್ಲಿ ಇರುವ ದಾಖಲೆಯಲ್ಲಿ?" ಅವರ ಧ್ವನಿ ಏರಲಿಲ್ಲ. "ನಿನಗೆ ಶಿಕ್ಷೆ ಬೇಕು, ಅದು ನನಗೆ ಅರ್ಥ ಆಗುತ್ತದೆ. ಅದನ್ನು ಆ ಹುಡುಗಿಯ ಕೈಯಲ್ಲಿ ಕೊಡಿಸಬೇಡ."

ಆಸ್ಪತ್ರೆಯಲ್ಲೇ ಉಳಿಯುವ ಕೇಸ್ ಶೀಟಿನಲ್ಲಿ ನಿಜವಾದ ತಿಂಗಳು, ನನ್ನ ತಪ್ಪು ಎರಡನ್ನೂ ಬರೆದೆ, ತಜ್ಞರೂ ಕೆಳಗೆ ಸಹಿ ಹಾಕಿದರು. ಮನೆಗೆ ಹೋಗುವ ಫೈಲಿನಲ್ಲಿ ಮೂರು ವಾರ ಹಾಗೆಯೇ ಉಳಿಯಿತು.

ಇನ್ನು ಉಳಿದ ದಾರಿ ವಾರ ವಾರ ಪ್ಯಾಕ್ಲಿಟ್ಯಾಕ್ಸೆಲ್. ಹಿಂದಿನ ವರ್ಷ ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದ ಅದೇ ಮದ್ದು. ಪ್ರಮಾಣ ಇಳಿಸಿ, ದೊಡ್ಡ ಬಿಡುವು ಕೊಡದೆ ವಾರ ವಾರ ಹೊಡೆದರೆ, ಹಿಂದೆ ಅದನ್ನು ತಾಳಿಕೊಂಡ ಗಡ್ಡೆಯೂ ಒಮ್ಮೊಮ್ಮೆ ಬಗ್ಗುತ್ತದೆ. ಅದರ ಜತೆ ಗಡ್ಡೆಯ ರಕ್ತನಾಳಗಳನ್ನು ತಡೆಯುವ ಇನ್ನೊಂದು ಮದ್ದು ಸೇರಿಸುವ ಕ್ರಮವಿದೆ. ಸ್ಕ್ಯಾನಿನಲ್ಲಿ ಕರುಳು ಗಡ್ಡೆಗೆ ಅಂಟಿಕೊಂಡದ್ದು ಕಂಡಿತ್ತು, ಕರುಳು ತೂತಾಗುವ ಭಯಕ್ಕೆ ಅದನ್ನು ಬಿಟ್ಟೆವು.

"ಅದೇ ಮದ್ದಾ?" ಎಂದರು ಅಕ್ಕ. "ಕೂದ್ಲ್ ಈಗಷ್ಟೇ ಬಾಚುವಷ್ಟ್ ಆಯ್ತ್."

ಕೂದಲಿಗಿಂತ ನನಗೆ ಹೆದರಿಕೆ ಇದ್ದದ್ದು ಬೆರಳುಗಳದ್ದು. ಪ್ಯಾಕ್ಲಿಟ್ಯಾಕ್ಸೆಲ್ ಕೈಕಾಲಿನ ತುದಿಗಳನ್ನು ಮರಗಟ್ಟಿಸುತ್ತದೆ. ಪ್ರತಿ ವಾರ ಮದ್ದಿಗೆ ಮುಂಚೆ ಅಂಗಿಯ ಗುಂಡಿ ಹಾಕಿ ತೋರಿಸಲು ಹೇಳುತ್ತಿದ್ದೆ. ರಕ್ತದ ಎಣಿಕೆ ನೋಡಿ, ಅಲರ್ಜಿ ತಡೆಯುವ ಚುಚ್ಚುಮದ್ದುಗಳನ್ನು ಅರ್ಧ ಗಂಟೆ ಮೊದಲೇ ಕೊಟ್ಟು, ಸೋಸುವ ಜಾಲರಿ ಇರುವ ಕೊಳವೆಯಲ್ಲಿ ಒಂದು ಗಂಟೆ ಮದ್ದು. ಮೂರು ವಾರ ಹೀಗೆ, ನಾಲ್ಕನೇ ವಾರ ಬಿಡುವು.

ಆ ಬಿಡುವಿನ ವಾರದಲ್ಲಿ ಹೊಟ್ಟೆ ಮೆತ್ತಗಾಯಿತು. ನೀರು ತೆಗೆಯಲು ಬಂದವರ ಹೊಟ್ಟೆಗೆ ಸ್ಕ್ಯಾನ್ ಇಟ್ಟರೆ, ಸೂಜಿ ಇಳಿಸುವಷ್ಟು ನೀರೇ ಇಲ್ಲ. ಎಂಟನೇ ವಾರಕ್ಕೆ ಸಿಎ-125 ಅರ್ಧಕ್ಕಿಂತ ಕೆಳಗೆ. ಅಕ್ಕ ಗಂಜಿ ಬಿಟ್ಟು ಅನ್ನ ತಿಂದರು, ಮೀನಿನ ಜಾಗಕ್ಕೆ ಹೋಗಿ ಕೂತರು. ಮುಂದಿನ ವಾರ ಬಂದವರು ಹಾಸಿಗೆಯಿಂದಲೇ ಕರೆದರು: "ಹ್ವಾಯ್ ಡಾಕ್ಟ್ರೇ, ನಿಮ್ ಮದ್ದ್ ನನ್ನ್ ಕಳ್ಳಿ ಮಾಡ್ತ್."

"ಎಂತ ಆಯ್ತ್?"

"ಮೀನ್ ಒತ್ತಿ ಕಂಡ್ರೆ ತಾಜಾ ಹೌದಾ ಅಲ್ದಾ ಬೆರ್ಳಿಗ್ ಗೊತ್ತಾತಿಲ್ಲೆ. ನಿನ್ನೆ ಹಾಳಾದ್ ಬಂಗ್ಡೆ ಕೊಟ್ಟೆ ಒಬ್ರಿಗ್. ಇವತ್ತ್ ಬಂದ್ ಬೈದ್ರ್. ಇನ್ ಪಕ್ಕದವಳೇ ಒತ್ತಿ ಹೇಳ್ಕ್."

ನಗುತ್ತಾ ಹೇಳಿದರು. ಮದ್ದನ್ನು ಒಂದು ಹಂತ ಇಳಿಸಿದೆವು. ಗುಂಡಿ ಹಾಕಲು ಅವರು ತೆಗೆದುಕೊಳ್ಳುವ ಹೊತ್ತು ವಾರದಿಂದ ವಾರಕ್ಕೆ ಹೆಚ್ಚುತ್ತಿತ್ತು, ನಾನು ಗಡಿಯಾರ ನೋಡದವಳ ಹಾಗೆ ನೋಡುತ್ತಿದ್ದೆ. ಆದರೆ ಸ್ಕ್ಯಾನಿನಲ್ಲಿ ಗಂಟುಗಳು ಕುಗ್ಗಿದ್ದವು. ಮಣಿಯದ ಗಡ್ಡೆ ಮಣಿದಿತ್ತು. ಅದನ್ನು ನಾನು ನನ್ನ ಕಣ್ಣಿನಿಂದ ನೋಡಿದೆ, ಈಗಲೂ ಯಾರೊಡನೆ ಬೇಕಾದರೂ ವಾದಿಸಬಲ್ಲೆ. ಅದೇ ನನ್ನನ್ನು ಕೊಲ್ಲುತ್ತಿದ್ದದ್ದು. ಈ ಮದ್ದು ಕೆಲಸ ಮಾಡುತ್ತದೆ ಎಂದಾದರೆ, ಹತ್ತು ವಾರ ಮೊದಲು, ಗಡ್ಡೆ ಇನ್ನೂ ಸಣ್ಣದಿದ್ದಾಗ, ಮೈಯಲ್ಲಿ ಇನ್ನೂ ಒಂದಿಷ್ಟು ಶಕ್ತಿ ಉಳಿದಿದ್ದಾಗ ಕೊಟ್ಟಿದ್ದರೆ?

ಹದಿನಾರನೇ ವಾರ ವಾಂತಿ ಶುರುವಾಯಿತು. ಕರುಳು ಗಡ್ಡೆಗೆ ಸಿಕ್ಕಿ ಕಟ್ಟಿಕೊಂಡಿತ್ತು. ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆ ಖಾಲಿ ಮಾಡಿದೆವು. ಮೂರು ದಿನಕ್ಕೆ ಸ್ವಲ್ಪ ಸಡಿಲವಾಯಿತು. ನಾನು ಅಕ್ಕನ ಹಾಸಿಗೆಯ ಪಕ್ಕ ಕುಳಿತು ಇನ್ನೊಂದು ಮದ್ದಿದೆ ಎಂದೆ. ಅದರ ಹೆಸರು, ಎಷ್ಟು ದಿನ, ಏನಾಗಬಹುದು ಎಲ್ಲ ವಿವರಿಸಿದೆ.

"ಅದ್ ಬಗ್ಗತ್ತಾ?"

"ಹೇಳುಕಾತಿಲ್ಲೆ. ಕೆಲವರಿಗ್ ಆತ್ತ್."

"ನೀನ್ ಮೊದ್ಲ್ ಸಲ ಹೇಳುವಾಗ ಹೀಂಗ್ ಹೇಳ್ಲಿಲ್ಲೆ. ಆಗ ಜೋರಿದ್ದೆ." ಕೈ ಬೀಸಿದರು. "ಸಾಕ್ ಹೆಣೆ. ಈ ಕೊಳವಿ ತೆಗಿ. ಮನಿಗ್ ಹೋತೆ. ಮಗು ಬೋರ್ಲ್ ಬಿದ್ದದ್ ಕಂಡೆ, ಕೂಕಂಬುದ್ ಕಂಡೆ. ಇನ್ ನಿಂಬುದೊಂದ್."

ಮರವಂತೆಯ ಮನೆಗೆ ನರ್ಸ್ ಜತೆ ನಾಲ್ಕು ಸಲ ಹೋದೆ. ಮಾರ್ಫಿನ್, ವಾಂತಿಗೆ ಚರ್ಮದ ಕೆಳಗೆ ಸಣ್ಣ ಸೂಜಿ, ಬಾಯಿ ಒಣಗದಂತೆ ಒದ್ದೆ ಬಟ್ಟೆ. ಐದನೇ ಸಲ ಹೋಗುವ ಅಗತ್ಯ ಬೀಳಲಿಲ್ಲ. ಮಗು ಆಗ ಇನ್ನೂ ನಿಂತಿರಲಿಲ್ಲ.

ಒಂದೂವರೆ ತಿಂಗಳ ನಂತರ ಮಗಳು ವಾರ್ಡಿಗೆ ಬಂದಳು. ಯಾವುದೋ ಕಾಗದಕ್ಕೆ ಸಹಿ ಬೇಕಿತ್ತು. ಸಹಿ ಹಾಕಿಕೊಟ್ಟೆ. ಅವಳು ಏಳಲಿಲ್ಲ. ಮಗು ನನ್ನ ಮೇಜಿನ ಅಂಚು ಹಿಡಿದು ನಿಂತು ಕಾಲು ಕುಣಿಸುತ್ತಿತ್ತು.

"ಡಾಕ್ಟ್ರೇ, ಒಂದ್ ಕೇಳ್ತೆ. ನಿಜ ಹೇಳ್ಕ್. ಅಮ್ಮಂಗ್ ಹೊಟ್ಟಿ ಉಬ್ಬುಕೆ ಶುರು ಆದ್ ನಾನ್ ಹೆರುಕ್ ಮುಂಚೆಯಾ?"

"ಫೈಲಗ್ ಬರ್ದಿತ್ತಲ," ಎಂದೆ.

"ಫೈಲ್ ನಂಗ್ ಬಾಯಿಪಾಠ. ತೊಟ್ಲಿಗ್ ಹಾಕಿದ್ ದಿನದ್ ಫೋಟೊ ತೆಗ್ದ್ ಕಂಡೆ ಮೊನ್ನೆ. ಎಲ್ಲ ಫೋಟದಗೂ ಅಮ್ಮ ಮಗಿನ ತನ್ನ್ ಹೊಟ್ಟಿ ಎದ್ರಗೇ ಹಿಡ್ಕಂಡ್ ನಿಂತಿತ್. ಒಂದ್ರಗೂ ಬಿಟ್ಟಿದ್ದಿಲ್ಲೆ." ಮಗುವಿನ ಅಂಗಿ ಕೆಳಗೆ ಎಳೆದಳು. "ಮುಂಚೆಯೇ ಬಂದಿರೆ ಅಮ್ಮ ಇರ್ತಿತ್ತಾ?"

ನಾನು ವಾದ ಹೂಡಿದೆ. ಈ ಕಾಯಿಲೆ ಮರಳಿದ ಮೇಲೆ ಪೂರ್ತಿ ಗುಣವಾಗುವುದು ತೀರಾ ಅಪರೂಪ ಎಂದೆ. ಅದು ನಿಜ. ಒಂದೆರಡು ತಿಂಗಳು ಹಿಂದೆ ಮುಂದೆ ಆದದ್ದರಿಂದ ಏನೂ ವ್ಯತ್ಯಾಸವಿಲ್ಲ ಎಂದೆ. ಅದು ನನಗೆ ಗೊತ್ತಿಲ್ಲ. ಯಾವಾಗ ಬಂದಿದ್ದರೂ ಕೊಡುತ್ತಿದ್ದದ್ದು ಅದೇ ಮದ್ದು ಎಂದೆ. ಅದು ಸುಳ್ಳು.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅದೇ ಮದ್ದ್ ಅಲ್ಲ ಅಲ್ದಾ?" ಎಂದಳು. "ಮೊದ್ಲ್ ಕೊಟ್ಟದ್ ಬೇರೆ. ಆಮೇಲೆ ವಾರ ವಾರ ಕೊಟ್ಟದ್ ಬೇರೆ. ಅದ್ರಗ್ ಅಮ್ಮನ ಹೊಟ್ಟಿ ಇಳ್ದಿತ್, ಅನ್ನ ಉಂಡಿತ್, ಮೀನ್ ಮಾರುಕ್ ಹೋಯಿತ್. ಅದನ್ನೇ ಮೊದ್ಲ್ ಎಂತಕ್ ಕೊಡ್ಲಿಲ್ಲೆ?"

ಇಡೀ ವಾದದಲ್ಲಿದ್ದ ಒಂದೇ ತೂತು ಅದು. ಅವಳು ನೇರವಾಗಿ ಬಂದು ಅಲ್ಲೇ ಕೈ ಇಟ್ಟಿದ್ದಳು. ಇದಕ್ಕೆ ಎರಡೇ ಉತ್ತರವಿತ್ತು. ಎರಡೂ ನಿಜವೇ. ಒಂದನ್ನು ಹೇಳಬಾರದೆಂದು ಅಕ್ಕ ನನ್ನ ಮಣಿಕಟ್ಟು ಹಿಡಿದಿದ್ದರು.

"ಮೊದ್ಲ್ ಯಾವ ಮದ್ದ್ ಅಂದ್ ಹಟ ಮಾಡಿದ್ ನಾನ್," ಎಂದೆ. "ದೊಡ್ಡ ಡಾಕ್ಟ್ರಿಗ್ ಅದ್ ಸಮ ಕಂಡಿದ್ದಿಲ್ಲೆ. ಅವ್ರ್ ಹತ್ರ ವಾದ ಮಾಡಿ ಒಪ್ಸಿದೆ. ಹತ್ ವಾರ ಹೋದ್ದ್ ನನ್ನಿಂದ."

ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮ ನಿಮ್ಮತ್ರ ಎಂತದೂ ಮುಚ್ಚಿಟ್ಟಿದ್ದಿಲ್ಯಾ?"

"ಅಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ರ್. ನಾನೇ ಕೇಳ್ಕಾದ ಹಾಂಗೆ ಕೇಳ್ಲಿಲ್ಲೆ."

ಬಂದಾಗಿನಿಂದ ಬಿಗಿ ಹಿಡಿದಿದ್ದ ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಅದರ ಜಾಗಕ್ಕೆ ಸಿಟ್ಟು ಬಂತು. ಎದ್ದು ನಿಂತಳು.

"ಅಮ್ಮ ನಿಮ್ಮನ್ ಎಷ್ಟ್ ನಂಬಿತ್ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತ್," ಎಂದೆ.

ಅವಳು ಮೇಜಿನ ಅಂಚಿನಿಂದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿಕೊಂಡು, ಮತ್ತೆ ನನ್ನ ಕಡೆ ನೋಡದೆ ಹೋದಳು.